ಎಮ್ಮೆ ಮಾರುವ ಮೊದಲು: 3 ಲಕ್ಷದ ಗೆರೆ ಮತ್ತು ಉಚಿತ ವಕೀಲರು

ಪ್ರಶ್ನೆ: ವಕೀಲ ಸಾಹೇಬರಿಗೆ ಶರಣು. ನಮ್ಮದು ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ನನ್ನ ತಮ್ಮನಿಗೆ 26 ವರ್ಷ. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಕೆಲಸ ಮಾಡುತ್ತಾನೆ. ಹೋದ ವರ್ಷ ಊರ ಜಾತ್ರೆಯಲ್ಲಿ ಹೊಡೆದಾಟ ಆಗಿ ಒಬ್ಬರ ತಲೆಗೆ ಏಟು ಬಿತ್ತು. ಏಳು ಜನರ ಮೇಲೆ ಕೊಲೆ ಯತ್ನದ ಕೇಸ್ ಆಯಿತು. ಅದರಲ್ಲಿ ಇವನ ಹೆಸರೂ ಇದೆ. 19 ದಿನ ಜೈಲಿನಲ್ಲಿದ್ದ. ಆಗ ಕಾನೂನು ನೆರವಿನ ವಕೀಲರೇ ಜಾಮೀನು ಮಾಡಿಸಿಕೊಟ್ಟರು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಈಗ ಚಾರ್ಜ್‌ಶೀಟ್ ಆಗಿದೆ, ಕೇಸ್ ಸೆಷನ್ಸ್ ಕೋರ್ಟಿಗೆ ಬಂದಿದೆ. ಅಪ್ಪ, ನಾನು, ತಮ್ಮ, ಮೂವರ ದುಡಿಮೆ ಸೇರಿಸಿ ಆದಾಯ ಪ್ರಮಾಣ ಪತ್ರದಲ್ಲಿ 3 ಲಕ್ಷ 40 ಸಾವಿರ ಅಂತ ಬರೆದಿದ್ದಾರೆ. ಮಿತಿ 3 ಲಕ್ಷ, ನಿಮಗೆ ಇನ್ನು ಸಿಗುವುದಿಲ್ಲ ಅಂತ ಊರಲ್ಲಿ ತಿಳಿದವರು ಹೇಳುತ್ತಿದ್ದಾರೆ. ನಾವು ಎಸ್‌ಸಿ, ಎಸ್‌ಟಿ ಅಲ್ಲ. ಖಾಸಗಿ ವಕೀಲರು 80 ಸಾವಿರ ಹೇಳಿದ್ದಾರೆ. ಇರುವ ಎರಡು ಎಮ್ಮೆ ಮಾರಬೇಕಾ? ಸರ್ಕಾರ ಈ ಮಿತಿ ಜಾಸ್ತಿ ಮಾಡಬಾರದಾ?

ಉತ್ತರ: ಶರಣು. ಎಮ್ಮೆ ಮಾರಬೇಡಿ. ಮೊದಲು ಅಷ್ಟು ಹೇಳಿಬಿಡುತ್ತೇನೆ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಲೆಕ್ಕದಲ್ಲಿ ನಿಮ್ಮ ತಮ್ಮನಿಗೆ ಈಗಲೂ ಉಚಿತ ವಕೀಲರು ಸಿಗಬೇಕು. ಮಿತಿ ಈಗ ಇರುವಷ್ಟೇ ಇದ್ದರೂ ಸಿಗಬೇಕು. ಆ ಮಿತಿ ಸರಿಯಿಲ್ಲ ಅನ್ನುವ ನಿಮ್ಮ ಮಾತೂ ನಿಜ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮನೆಯ ಕೆಲಸ ಆಗಲಿ.

ಉಚಿತ ವಕೀಲರನ್ನು ಕೊಡುವ ಕಾನೂನು 1987ರದ್ದು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅಂತ ಹೆಸರು. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಂನಲ್ಲಿ ಯಾರು ಯಾರಿಗೆ ಈ ಸೇವೆ ಅನ್ನುವ ಪಟ್ಟಿ ಇದೆ. ಎಸ್‌ಸಿ, ಎಸ್‌ಟಿಯವರು, ಹೆಣ್ಣುಮಕ್ಕಳು, ಮಕ್ಕಳು, ಅಂಗವಿಕಲರು, ಮಾನವ ಸಾಗಾಣಿಕೆಗೆ ಅಥವಾ ಬಿಟ್ಟಿ ಚಾಕರಿಗೆ ಸಿಕ್ಕಿಬಿದ್ದವರು, ನೆರೆ ಬರ ಭೂಕಂಪದಂಥ ಅನಾಹುತದಲ್ಲಿ ನೊಂದವರು, ಕೈಗಾರಿಕಾ ಕಾರ್ಮಿಕರು, ಕಸ್ಟಡಿಯಲ್ಲಿ ಇರುವವರು. ಇಷ್ಟು ಜನರಿಗೆ ಆದಾಯದ ಪ್ರಶ್ನೆಯೇ ಇಲ್ಲ. ಹತ್ತು ಎಕರೆ ತೊಗರಿ ಹೊಲ ಇರುವ ಹೆಣ್ಣುಮಗಳು ಬಂದು ಕೇಳಿದರೂ ವಕೀಲರನ್ನು ಕೊಡಬೇಕು. ಇವೆಲ್ಲ ಆದ ಮೇಲೆ ಕೊನೆಯಲ್ಲಿ ಒಂದು ಸಾಲು ಇದೆ: ಮೇಲಿನ ಯಾವುದಕ್ಕೂ ಸೇರದವರು ಇಷ್ಟು ಆದಾಯದ ಒಳಗಿದ್ದರೆ ಅವರಿಗೂ ಕೊಡಬೇಕು. ನಮ್ಮ ರಾಜ್ಯದ 3 ಲಕ್ಷದ ಮಿತಿ ಬರುವುದು ಆ ಕೊನೆಯ ಸಾಲಿಗೆ ಮಾತ್ರ.

ನಿಮ್ಮೂರಿನ ತಿಳಿದವರು ಆ ಕೊನೆಯ ಸಾಲನ್ನಷ್ಟೇ ಓದಿದ್ದಾರೆ. ನಿಮ್ಮ ತಮ್ಮ ಜೈಲಿನಲ್ಲಿದ್ದಾಗ ವಕೀಲರು ಸಿಕ್ಕಿದ್ದು ‘ಕಸ್ಟಡಿಯಲ್ಲಿ ಇರುವವರು’ ಅನ್ನುವ ಕಾರಣಕ್ಕೆ. ಜಾಮೀನಿನ ಮೇಲೆ ಹೊರಗೆ ಬಂದ ಮೇಲೆ ಆ ಕಾರಣ ಹೇಳಲು ಬರುವುದಿಲ್ಲ. ಅಲ್ಲಿವರೆಗೆ ಅವರ ಮಾತು ಸರಿ. ಆದರೆ ಇನ್ನೊಂದು ಕಾರಣ ಕಣ್ಣ ಮುಂದೆಯೇ ಇದೆಯಲ್ಲ. ಅವನು ದಾಲ್ ಮಿಲ್‌ನಲ್ಲಿ ದುಡಿಯುತ್ತಾನೆ. ತೊಗರಿಗೆ ಎಣ್ಣೆ ಸವರಿ, ನೆನೆಸಿ, ಒಣಗಿಸಿ, ಯಂತ್ರದಲ್ಲಿ ಒಡೆದು ಬೇಳೆ ಮಾಡುವ ಜಾಗ ಕಾರ್ಖಾನೆ ಅಲ್ಲದೆ ಮತ್ತೇನು? ಅಲ್ಲಿ ದುಡಿಯುವವನು ಕೈಗಾರಿಕಾ ಕಾರ್ಮಿಕ. ಅರ್ಜಿಯಲ್ಲಿ 12ನೇ ಕಲಂನ ಎಫ್ ಉಪಕಲಂ ಅಂತ ಸ್ಪಷ್ಟವಾಗಿ ಬರೆಯಿರಿ. ಆಗ ಆದಾಯ ಪ್ರಮಾಣ ಪತ್ರವನ್ನು ಲಗತ್ತಿಸುವ ಅಗತ್ಯವೇ ಇಲ್ಲ.

ಪುರಾವೆ ಏನು ಅಂತ ಕೇಳಬಹುದು. ಇಎಸ್‌ಐ ಕಾರ್ಡ್ ಅಥವಾ ಪಿಎಫ್ ಚೀಟಿ ಇದ್ದರೆ ಮುಗಿಯಿತು. ಮೇಸ್ತ್ರಿ ಕೈಕೆಳಗೆ ಕೆಲಸ ಮಾಡುವವರ ಹತ್ತಿರ ಬಹಳ ಸಲ ಇವೆರಡೂ ಇರುವುದಿಲ್ಲ, ಅದು ನನಗೆ ಗೊತ್ತು. ಹಾಗಿದ್ದರೆ ಪಗಾರ ಬಂದ ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ಹಾಜರಿ ಪುಸ್ತಕದ ಫೋಟೊ, ಜೊತೆಗೆ ಕೆಲಸ ಮಾಡುವ ಇಬ್ಬರ ಹೇಳಿಕೆ, ಏನು ಸಿಗುತ್ತದೋ ಅದನ್ನು ಕೊಡಿ. ಜೊತೆಗೆ ಅವನದೇ ಒಂದು ಅಫಿಡವಿಟ್ ಇರಲಿ.

ಎರಡನೆಯ ಮಾತು ನಿಮ್ಮ 3 ಲಕ್ಷ 40 ಸಾವಿರದ ಬಗ್ಗೆ. ಅದು ಯಾರ ಆದಾಯ? ನಾಡಕಚೇರಿಯಲ್ಲಿ ಕೊಡುವ ಪತ್ರ ಇಡೀ ಕುಟುಂಬದ್ದು. ಅದನ್ನು ಮಾಡಿರುವುದು ಸ್ಕಾಲರ್‌ಶಿಪ್, ರೇಷನ್ ಕಾರ್ಡ್, ಮೀಸಲಾತಿಯ ಕೆಲಸಕ್ಕೆ. 12ನೇ ಕಲಂ ಹೇಳುವುದು ಕೇಸ್ ಹಾಕುವ ಅಥವಾ ಕೇಸ್ ಎದುರಿಸುವ ವ್ಯಕ್ತಿಯ ವಾರ್ಷಿಕ ಆದಾಯದ ಬಗ್ಗೆ. ನಿಮ್ಮ ಮನೆಯ ಮೂವರ ದುಡಿಮೆಯನ್ನು ಸಮನಾಗಿ ಹಂಚಿದರೆ ತಲೆಗೆ ತಿಂಗಳಿಗೆ 9,500 ರೂಪಾಯಿಯೂ ಬರುವುದಿಲ್ಲ. ಆರೋಪಿ ನಿಮ್ಮ ತಮ್ಮ. ನೀವಲ್ಲ, ನಿಮ್ಮ ಅಪ್ಪನೂ ಅಲ್ಲ. ಬೆಳೆದ ಮಗನ ಕೇಸಿಗೆ ಅಪ್ಪನ ಕೂಲಿಯನ್ನು ಸೇರಿಸಿ ಎಣಿಸುವುದು ಆ ಕಲಂನ ಮಾತಿಗೆ ಹೊಂದುವುದಿಲ್ಲ ಅನ್ನುವುದು ನನ್ನ ಓದು. ಇನ್ನೂ ಒಂದಿದೆ. ಅದೇ ಕಾಯ್ದೆಯ 13ನೇ ಕಲಂ ಪ್ರಕಾರ, ಆದಾಯ ಇಷ್ಟು ಅಂತ ಅರ್ಜಿದಾರ ಅಫಿಡವಿಟ್ ಕೊಟ್ಟರೆ ಅದನ್ನೇ ಸಾಕೆಂದು ತೆಗೆದುಕೊಳ್ಳಬಹುದು. ಅದನ್ನು ನಂಬದಿರಲು ಕಾರಣ ಇದ್ದರೆ ಮಾತ್ರ ಬೇರೆ ಮಾತು. ತಹಶೀಲ್ದಾರರ ಮೊಹರು ಇಲ್ಲದೆ ಅರ್ಜಿ ಮುಂದೆ ಹೋಗುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ಈ ಕಲಂ ತೋರಿಸಿ.

ಇವೆರಡೂ ಆಗಲಿಲ್ಲ ಅಂದುಕೊಳ್ಳಿ. ಆಗ ನೇರವಾಗಿ ಜಡ್ಜ್ ಸಾಹೇಬರ ಮುಂದೆ ಹೇಳುವ ದಾರಿ ಇದೆ. ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವುದು ಇದೇ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ಕ್ರಿಮಿನಲ್ ಕೇಸ್ ಹೇಗೆ ನಡೆಸಬೇಕು ಅನ್ನುವ ಕಾನೂನು) ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 341ನೇ ಕಲಂ ಹೀಗೆ: ಆರೋಪಿಗೆ ವಕೀಲರಿಲ್ಲ, ವಕೀಲರನ್ನು ಇಡುವಷ್ಟು ಅನುಕೂಲವೂ ಇಲ್ಲ ಅಂತ ಕೋರ್ಟಿಗೆ ಕಂಡರೆ, ಸರ್ಕಾರದ ಖರ್ಚಿನಲ್ಲಿ ಕೋರ್ಟ್ ವಕೀಲರನ್ನು ಕೊಡಲೇಬೇಕು. ಅಲ್ಲಿ 3 ಲಕ್ಷ ಅಂತ ಇಲ್ಲ, ಯಾವ ಅಂಕಿಯೂ ಇಲ್ಲ. ಸಿಆರ್‌ಪಿಸಿಯ 304ನೇ ಕಲಂ ಮುಖ್ಯವಾಗಿ ಸೆಷನ್ಸ್ ವಿಚಾರಣೆಯ ಮಾತನ್ನು ಆಡುತ್ತಿತ್ತು. ಹೊಸದರಲ್ಲಿ ಯಾವುದೇ ಕೋರ್ಟಿನ ವಿಚಾರಣೆ, ಮೇಲ್ಮನವಿ ಎರಡೂ ಸೇರಿವೆ. ಸದ್ದಿಲ್ಲದೆ ಆದ ಈ ಬದಲಾವಣೆ ಎಷ್ಟೋ ಬಡವರಿಗೆ ಬಾಗಿಲು ತೆರೆದಿದೆ. ನಮ್ಮ ಭಾಗದ ಹಳ್ಳಿಗಳಿಗೆ ಇದು ಇನ್ನೂ ಮುಟ್ಟಿಲ್ಲ.

ನಿಮ್ಮ ತಮ್ಮ ಮುಂದಿನ ತಾರೀಕಿಗೆ ಕಟಕಟೆಯಲ್ಲಿ ನಿಂತಾಗ, ‘ನನಗೆ ವಕೀಲರಿಲ್ಲ, ಇಡಲು ನಮ್ಮ ಕಡೆ ಶಕ್ತಿ ಇಲ್ಲ, ಕೋರ್ಟ್ ಒಬ್ಬರನ್ನು ಕೊಡಬೇಕು’ ಅಂತ ಬಾಯಿ ಬಿಟ್ಟು ಹೇಳಬೇಕು. ಹೆದರಿ ಸುಮ್ಮನೆ ತಲೆ ತಗ್ಗಿಸಿ ನಿಂತರೆ ಇನ್ನೊಂದು ತಾರೀಕು ಬೀಳುತ್ತದೆ, ಅಷ್ಟೇ. ನಿಜ ಹೇಳಬೇಕೆಂದರೆ ಅವನು ಕೇಳುವ ಅಗತ್ಯವೂ ಇಲ್ಲ. 1986ರಲ್ಲಿ ಸುಪ್ರೀಂ ಕೋರ್ಟ್ ಸುಕ್ ದಾಸ್ ಪ್ರಕರಣದಲ್ಲಿ ಒಬ್ಬರ ಶಿಕ್ಷೆಯನ್ನೇ ರದ್ದು ಮಾಡಿತು. ಕಾರಣ, ಅವರಿಗೆ ವಕೀಲರಿರಲಿಲ್ಲ, ಉಚಿತವಾಗಿ ಸಿಗುತ್ತಾರೆ ಅಂತ ಯಾರೂ ತಿಳಿಸಿರಲಿಲ್ಲ. ಆರೋಪಿ ಕೇಳಲಿಲ್ಲ ಅನ್ನುವುದು ನೆಪ ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ಆದರೂ ಬಾಯಿ ಬಿಟ್ಟು ಕೇಳಿದರೆ ಕೆಲಸ ಬೇಗ ಆಗುತ್ತದೆ ಅನ್ನುವುದು ನನ್ನ ಇಷ್ಟು ವರ್ಷದ ಅನುಭವ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ನಮ್ಮ ಕಡೆ ಜನ ಈ ಉಚಿತ ವಕೀಲರನ್ನು ‘ಸರ್ಕಾರಿ ವಕೀಲ’ ಅನ್ನುತ್ತಾರೆ. ಕೋರ್ಟಿನಲ್ಲಿ ಸರ್ಕಾರಿ ವಕೀಲರು ಅಂದರೆ ಪೊಲೀಸರ ಕೇಸನ್ನು ನಡೆಸುವವರು. ಹಾಗಾಗಿ ‘ಸರ್ಕಾರದ ಪಗಾರ ತಿನ್ನುವವರು ನಮ್ಮ ಪರ ಹ್ಯಾಂಗ್ ಮಾತಾಡ್ತಾರ್ರೀ’ ಅಂತ ಎಷ್ಟೋ ಮನೆಯವರು ನನ್ನನ್ನೇ ಕೇಳಿದ್ದಾರೆ. ಇವರು ಬೇರೆ. 2022ರಿಂದ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ದೇಶದ ಜಿಲ್ಲೆಗಳಲ್ಲಿ ಹೊಸ ಪದ್ಧತಿ ತಂದಿದೆ. ಆರೋಪಿಗಳ ಪರವಾಗಿ ವಾದಿಸಲೆಂದೇ ಪೂರ್ಣಾವಧಿ ವಕೀಲರ ಒಂದು ಕಚೇರಿ. ಅವರಿಗೆ ಕಾನೂನು ನೆರವು ಅಭಿರಕ್ಷಕರು ಅಂತ ಹೆಸರು. ಮುಖ್ಯ ಅಭಿರಕ್ಷಕರಿಗೆ ಕ್ರಿಮಿನಲ್ ಕೇಸುಗಳಲ್ಲಿ ಕನಿಷ್ಠ 10 ವರ್ಷದ ಅನುಭವ ಇರಬೇಕು. ಅವರು ಖಾಸಗಿ ಕೇಸ್ ಹಿಡಿಯುವಂತಿಲ್ಲ. ಸರ್ಕಾರಿ ಅಭಿಯೋಜಕರಿಗೂ ಇವರಿಗೂ ಸಂಬಂಧ ಇಲ್ಲ, ಇಬ್ಬರೂ ಕೋರ್ಟಿನಲ್ಲಿ ಎದುರಾಳಿಗಳು. ನಿಮ್ಮ ತಮ್ಮ ಹೇಳಿದ ಗುಟ್ಟನ್ನು ಇವರು ಯಾರಿಗೂ ಹೇಳುವಂತಿಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಜಾತ್ರೆ ಕೇಸುಗಳಲ್ಲಿ ಹುಡುಗರು ಮುಳುಗುವುದು ಇಲ್ಲೇ. ಏಳು ಜನ ಆರೋಪಿಗಳು ಅಂದಿರಿ. ಊರ ಹಿರಿಯರು ವಂತಿಗೆ ಎತ್ತಿ ಏಳೂ ಜನರಿಗೆ ಸೇರಿ ಒಬ್ಬರೇ ವಕೀಲರನ್ನು ಇಡೋಣ ಅನ್ನಬಹುದು. ತಲೆಗೆ ಹತ್ತು ಸಾವಿರದಲ್ಲಿ ಮುಗಿಯಿತಲ್ಲ ಅಂತ ನಿಮಗೂ ಅನ್ನಿಸಬಹುದು. ಒಪ್ಪುವ ಮೊದಲು ಯೋಚಿಸಿ. ‘ನಾನು ಅಲ್ಲಿ ನಿಂತಿದ್ದೆ, ಹೊಡೆದವರು ಬೇರೆ’ ಅನ್ನುವುದು ನಿಮ್ಮ ತಮ್ಮನ ಮಾತಾದರೆ, ಆ ಬೇರೆಯವರು ಉಳಿದ ಆರು ಜನರಲ್ಲೇ ಇರಬಹುದು. ಒಬ್ಬರೇ ವಕೀಲರು ಇಬ್ಬರ ಪರ ನಿಂತು ಈ ಮಾತನ್ನು ಹೇಗೆ ಆಡುತ್ತಾರೆ? ಆಡುವುದಿಲ್ಲ. ಆ ಮಾತು ಕೋರ್ಟಿನಲ್ಲಿ ಬರುವುದೇ ಇಲ್ಲ. ಕೊಲೆ ಯತ್ನಕ್ಕೆ 10 ವರ್ಷದವರೆಗೆ ಶಿಕ್ಷೆ ಇದೆ, ಗಾಯ ಆಗಿದ್ದರೆ ಜೀವಾವಧಿಯೂ ಆಗಬಹುದು. ಇಂಥ ಕೇಸಿನಲ್ಲಿ ಅವನಿಗೆ ಅವನದೇ ವಕೀಲರು ಬೇಕು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಮಿತಿ ಜಾಸ್ತಿ ಆಗಬೇಕಾ? ಆಗಲೇಬೇಕು.

ಕೆಲವು ವರ್ಷದ ಹಿಂದೆ ನಮ್ಮ ಭಾಗದ ಒಂದು ತಾಲ್ಲೂಕು ಕೋರ್ಟಿನ ಪಡಸಾಲೆಯಲ್ಲಿ ಒಬ್ಬರು ನನ್ನ ಹತ್ತಿರ ಬಂದರು. ಬಟ್ಟೆ ಹೊಲಿಯುವವರು. ಅವಸರದಲ್ಲಿ ಬಂದಿದ್ದರೇನೋ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅಂಗಿ ಜೇಬಿನಿಂದ ಬಿಲ್ ಪುಸ್ತಕ ತೆಗೆದರು. ಅದರ ನಡುವೆ ನಾಲ್ಕು ಮಡಿಕೆ ಮಾಡಿದ ಆದಾಯ ಪ್ರಮಾಣ ಪತ್ರ. ಮಡಿಕೆಯ ಗೆರೆಯಲ್ಲಿ ಕಾಗದ ಹರಿಯಲು ಬಂದಿತ್ತು. 3 ಲಕ್ಷ 6 ಸಾವಿರ ಅಂತ ಇತ್ತು. ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಸಣ್ಣ ದನಿಯಲ್ಲಿ ಕೇಳಿದರು: ‘ಆರು ಸಾವಿರ ಹೆಚ್ಚಾಗ್ಯದ ಅಂತಾರ್ರೀ ಸಾಹೇಬ್ರ. ಕಡಿಮಿ ಮಾಡಿಸ್ಕೊಂಡು ಬರ್ಲೇನ್ರೀ?’

ಆ ಮನುಷ್ಯ ಸುಳ್ಳುಗಾರ ಅಲ್ಲ. ಇದ್ದದ್ದು ಇದ್ದ ಹಾಗೆ ಬರೆಸಿ ತಂದಿದ್ದರು. ಆ ಗೆರೆ ಅವರ ಬಾಯಲ್ಲಿ ಸುಳ್ಳಿನ ಮಾತು ತರಿಸಿತು. ನನಗೆ ಆ ಕೇಸ್ ಹಿಡಿಯಲು ಆಗುತ್ತಿರಲಿಲ್ಲ, ಎದುರು ಪಕ್ಷದವರು ಮೊದಲೇ ನನ್ನ ಹತ್ತಿರ ಬಂದುಹೋಗಿದ್ದರು. ಆಮೇಲೆ ತಿಳಿಯಿತು, ಹೊಸದಾಗಿ ತಂದಿದ್ದ ಓವರ್‌ಲಾಕ್ ಮಷಿನ್ ಮಾರಿ ವಕೀಲರ ಫೀಸ್ ಕೊಟ್ಟರಂತೆ. ಮಷಿನ್ ಹೋದ ಮೇಲೆ ದುಡಿಮೆ ಇಳಿಯಿತು. ಮುಂದಿನ ವರ್ಷ ಪತ್ರ ಮಾಡಿಸಿದ್ದರೆ ಮಿತಿಯ ಒಳಗೇ ಬರುತ್ತಿದ್ದರು.

ಆ ಟೇಲರ್‌ಗೆ ಪಟ್ಟಿಯಲ್ಲಿ ಬೇರೆ ಜಾಗ ಇರಲಿಲ್ಲ. ಮಿಲ್‌ನಲ್ಲಿ ದುಡಿಯುವ ನಿಮ್ಮ ತಮ್ಮ ಕಾರ್ಮಿಕ ಅನ್ನಿಸಿಕೊಳ್ಳುತ್ತಾನೆ. ಅದೇ ಮಿಲ್ಲಿಗೆ ಚೀಲ ಸಾಗಿಸುವ ಟಂಟಂ ಗಾಡಿಯವನು, ಗೇಟಿನ ಮುಂದೆ ಚಹಾ ಮಾರುವವನು, ಮೂರು ಎಕರೆಯ ರೈತ, ಇವರು ಯಾರೂ ಆ ಮಾತಿನೊಳಗೆ ಬರುವುದಿಲ್ಲ. ಸ್ವಂತ ದುಡಿಮೆಯ ಬಡವರು ಎಲ್ಲರೂ ಆ ಕೊನೆಯ ಸಾಲಿಗೇ ಬಂದು ಬೀಳುತ್ತಾರೆ. ನಮ್ಮ ಭಾಗದಲ್ಲಿ ಅಂಥವರೇ ಜಾಸ್ತಿ. ಭೀಮಾ ನದಿಗೆ ಪ್ರವಾಹ ಬಂದ ವರ್ಷ ಅಥವಾ ಬರ ಬಿದ್ದ ವರ್ಷ ರೈತರು ಅನಾಹುತದಲ್ಲಿ ನೊಂದವರು ಅಂತ ಅರ್ಜಿ ಹಾಕಬಹುದು. 2020ರ ಅಕ್ಟೋಬರ್ ಪ್ರವಾಹದಲ್ಲಿ ಹೊಲ, ಮನೆ ಕಳೆದುಕೊಂಡವರಿಗೆ ಆ ಹಕ್ಕು ಇತ್ತು. ಬಳಸಿಕೊಂಡವರನ್ನು ನಾನು ನೋಡಿದ್ದು ಬಹಳ ಕಡಿಮೆ.

ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕಾಯ್ದೆಯಲ್ಲಿ ಮೊದಲು ಬರೆದ ಮಿತಿ ವರ್ಷಕ್ಕೆ 9,000 ರೂಪಾಯಿ. ಅದನ್ನು ಏರಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟರು. ನಮ್ಮಲ್ಲಿ ಅದು ಏರಿ 3 ಲಕ್ಷ ಆಗಿದೆ. ಸುಪ್ರೀಂ ಕೋರ್ಟಿನ ಕೇಸುಗಳಿಗೆ ಮಿತಿ 5 ಲಕ್ಷ. ಅಂದರೆ ಒಬ್ಬ ಮನುಷ್ಯನ ಆದಾಯ 4 ಲಕ್ಷ ಅಂತಿಟ್ಟುಕೊಳ್ಳಿ. ಕಲಬುರಗಿಯಲ್ಲಿ ವಿಚಾರಣೆ ನಡೆಯುವಾಗ ಅವನು ಬಡವ ಅಲ್ಲ. ಅಲ್ಲಿ ಸೋತು, ಹೈಕೋರ್ಟಿನಲ್ಲೂ ಸೋತು, ದೆಹಲಿ ಮುಟ್ಟಿದರೆ ಆಗ ಅವನು ಬಡವ! ಸಾಕ್ಷಿ ವಿಚಾರಣೆ ನಡೆಯುವುದು ಇಲ್ಲಿ. ಪಾಟೀಸವಾಲು ಇಲ್ಲಿ. ಇಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ದೆಹಲಿಯಲ್ಲಿ ಎಂಥ ದೊಡ್ಡ ವಕೀಲರೂ ಕೇಳಲು ಆಗುವುದಿಲ್ಲ. ವಕೀಲರು ಎಲ್ಲಕ್ಕಿಂತ ಜಾಸ್ತಿ ಬೇಕಾದ ಕಡೆಯೇ ಗೆರೆಯನ್ನು ಕೆಳಗೆ ಎಳೆದಿದ್ದೇವೆ. ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಗೆ 2019ರಲ್ಲಿ ಇಟ್ಟ ಮಿತಿ 8 ಲಕ್ಷ. ಕಾಲೇಜು ಸೀಟಿಗೆ 8 ಲಕ್ಷದವರೆಗೆ ಹಿಂದುಳಿದವರು, ಜೈಲಿಗೆ ಹೋಗುವ ಭಯ ಇರುವಾಗ 3 ಲಕ್ಷಕ್ಕೇ ಅನುಕೂಲಸ್ಥರು. ಇದು ಹೇಗೆ ಸರಿ?

ಕೇಸಿನ ಖರ್ಚು ಅಂದರೆ ಫೀಸ್ ಒಂದೇ ಅಲ್ಲ. ನಿಮಗೆ ಹೇಳಿದ 80 ಸಾವಿರ ನಿಮ್ಮ ಇಡೀ ಮನೆಯ ಸುಮಾರು ಮೂರು ತಿಂಗಳ ದುಡಿಮೆ. ಅದರ ಮೇಲೆ ತಾರೀಕುಗಳು. ವರ್ಷ, ಎರಡು ವರ್ಷದಲ್ಲಿ 30 ತಾರೀಕು ಬಿದ್ದವು, ದಿನಗೂಲಿ 500 ರೂಪಾಯಿ ಅಂತ ಹಿಡಿಯಿರಿ. ಕೂಲಿಯೇ 15 ಸಾವಿರ ಹೋಯಿತು. ಜಾಮೀನುದಾರರನ್ನು ಕರೆತರುವ ಖರ್ಚು, ಬಸ್, ಊಟ, ಜೆರಾಕ್ಸ್ ಬೇರೆ. ಆದಾಯ ಪ್ರಮಾಣ ಪತ್ರದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಮನೆಯ ಹೊಟ್ಟೆ ತುಂಬಿದ ಮೇಲೆ ಈ ಕೇಸಿನ ಖರ್ಚು ಹೊರಲು ಇವರಿಗೆ ಆಗುತ್ತದಾ ಅಂತ ಕೇಳಬೇಕು. ಸಣ್ಣ ದಂಡದ ಕೇಸಿಗೂ ಜೀವಾವಧಿ ಆಗಬಹುದಾದ ಕೇಸಿಗೂ ಒಂದೇ ಅಳತೆ ಇಟ್ಟರೆ ನ್ಯಾಯ ಆಗುವುದಿಲ್ಲ.

ನನ್ನನ್ನು ಕೇಳಿದರೆ, ಮೊದಲು ಇಲ್ಲಿಯ ಮಿತಿಯೂ 5 ಲಕ್ಷ ಆಗಲಿ. ಪ್ರತಿ ವರ್ಷ ಬೆಲೆ ಏರಿದಂತೆ ಅದು ತಾನಾಗಿಯೇ ಏರುವ ಹಾಗೆ ನಿಯಮದಲ್ಲೇ ಬರೆಯಲಿ. ಕುಟುಂಬದ ಪತ್ರ ಕೇಳುವುದನ್ನು ಬಿಟ್ಟು ಆರೋಪಿಯ ಸ್ವಂತ ಆದಾಯ ನೋಡಲಿ. ಕಸ್ಟಡಿಯಲ್ಲಿದ್ದಾಗ ಕೊಟ್ಟ ವಕೀಲರು ಕೇಸ್ ಮುಗಿಯುವ ತನಕ ಇರಲಿ. ಜಾಮೀನು ಸಿಕ್ಕಿತು ಅಂದ ಮಾತ್ರಕ್ಕೆ ಮನೆಯಲ್ಲಿ ದುಡ್ಡು ಹುಟ್ಟುವುದಿಲ್ಲ, ಅಲ್ವಾ?

ಇದಕ್ಕೆ ಸಂಸತ್ತಿನಲ್ಲಿ ಕಾಯ್ದೆ ತಿದ್ದಬೇಕಿಲ್ಲ. ಅದೇ ಕಾಯ್ದೆಯ 28ನೇ ಕಲಂನಲ್ಲಿ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಜೊತೆ ಸಮಾಲೋಚನೆ ಮಾಡಿ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ನಿಯಮ ಮಾಡಬಹುದು ಅಂತ ಇದೆ. ಅಂದರೆ ನಿಮ್ಮ ಶಾಸಕರು ಸದನದಲ್ಲಿ ಕೇಳಬಹುದಾದ ಪ್ರಶ್ನೆ ಇದು. ವಕೀಲರ ಸಂಘಗಳು ಕಾನೂನು ಇಲಾಖೆಗೆ ಬರೆಯಬಹುದು. ನಾವು ವಕೀಲರು ಈ ವಿಷಯದಲ್ಲಿ ಇಷ್ಟು ದಿನ ಸುಮ್ಮನಿದ್ದದ್ದು ನನಗೆ ನೋವಿನ ವಿಷಯ.

ಮಿತಿ ಏರಿಸಿದರೆ ಅರ್ಜಿಗಳು ಜಾಸ್ತಿ ಆಗುತ್ತವೆ, ಇರುವ ವಕೀಲರ ಮೇಲೆ ಹೊರೆ ಬೀಳುತ್ತದೆ ಅನ್ನುವ ಮಾತೂ ಇದೆ. ಅದರಲ್ಲಿ ಹುರುಳಿದೆ. ಒಬ್ಬ ಅಭಿರಕ್ಷಕರ ಮೇಜಿನ ಮೇಲೆ ಫೈಲುಗಳ ರಾಶಿ ಬಿದ್ದರೆ ಯಾವ ಆರೋಪಿಗೂ ಲಾಭ ಇಲ್ಲ. ಜೀವಾವಧಿ ಆಗಬಹುದಾದ ಕೇಸಿನಲ್ಲಿ ಕೋರ್ಟ್ ನೇಮಿಸುವ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವ ಇರಬೇಕು, ತಯಾರಿಗೆ ಸಾಕಷ್ಟು ಸಮಯ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಅನೋಖಿಲಾಲ್ ಪ್ರಕರಣದಲ್ಲಿ ಹೇಳಿದ್ದು ಇದಕ್ಕೇ. ಹಾಗಾಗಿ ಮಿತಿಯ ಜೊತೆಗೆ ವಕೀಲರ ಸಂಖ್ಯೆಯೂ ಏರಬೇಕು. ಆದರೆ ವಕೀಲರು ಸಾಲದು ಅನ್ನುವುದು ಟೇಲರ್‌ನನ್ನು ಹೊರಗೆ ನಿಲ್ಲಿಸಲು ಕಾರಣ ಆಗಬಾರದು.

ಈ ವಾರ ಮಾಡಬೇಕಾದ್ದು ಹೇಳುತ್ತೇನೆ. ನಿಮ್ಮದು ಸೆಷನ್ಸ್ ಕೇಸ್, ಹಾಗಾಗಿ ಕಲಬುರಗಿಯ ಜಿಲ್ಲಾ ಕೋರ್ಟ್‌ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ತಮ್ಮನನ್ನೂ ಕರೆದುಕೊಂಡು ಹೋಗಿ. ಎಫ್‌ಐಆರ್, ಚಾರ್ಜ್‌ಶೀಟ್, ಆಧಾರ್, ಮಿಲ್‌ನ ಪುರಾವೆ, ಅಫಿಡವಿಟ್ ಇರಲಿ. ಚಾರ್ಜ್‌ಶೀಟಿನ ನಕಲು ಆರೋಪಿಗೆ ಪುಕ್ಕಟೆ ಸಿಗಬೇಕು, ಅದಕ್ಕೆ ದುಡ್ಡು ಕೊಡಬೇಡಿ. ಅರ್ಜಿ ಬರೆಯಲು ಬರದಿದ್ದರೆ ಬಾಯಿಂದ ಹೇಳಿ, ಅಲ್ಲಿರುವ ಅರೆ ಕಾನೂನು ಸ್ವಯಂಸೇವಕರು ಬರೆದುಕೊಡುತ್ತಾರೆ. ಅರ್ಜಿ ತಲುಪಿದ್ದಕ್ಕೆ ಚೀಟಿ ಕೇಳಿ. ಒಪ್ಪದಿದ್ದರೆ ಕಾರಣವನ್ನು ಬರೆದು ಕೊಡಿ ಅನ್ನಿ. ಅದರ ಮೇಲೆ ಪ್ರಾಧಿಕಾರದ ಅಧ್ಯಕ್ಷರಾದ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಕೊಡಬಹುದು. ನೇಮಕ ಆದ ವಕೀಲರು ಫೀಸ್ ಅಂತ ಏನನ್ನೂ ಕೇಳುವಂತಿಲ್ಲ. ಕೇಳಿದರೆ ಪ್ರಾಧಿಕಾರಕ್ಕೆ ದೂರು ಕೊಡಿ. ಏನೇ ಗೊಂದಲ ಆದರೂ 15100ಕ್ಕೆ ಫೋನ್ ಮಾಡಬಹುದು. ಮುಂದೆ ಮೇಲ್ಮನವಿಯ ಮಾತು ಬಂದರೂ ಬೆಂಗಳೂರಿಗೆ ಓಡಬೇಕಿಲ್ಲ. 2013ರಿಂದ ಹೈಕೋರ್ಟಿನ ಕಾಯಂ ಪೀಠ ಕಲಬುರಗಿಯಲ್ಲೇ ಇದೆ, ಅಲ್ಲೂ ಉಚಿತ ವಕೀಲರು ಸಿಗುತ್ತಾರೆ.

ಇನ್ನೊಂದು ಕೆಲಸ ಇವತ್ತು ರಾತ್ರಿಯೇ ಮಾಡಿ. ತಮ್ಮನನ್ನು ಕೂರಿಸಿಕೊಂಡು ಜಾತ್ರೆಯ ದಿನ ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ತೇರು ಎಲ್ಲಿತ್ತು, ದೀಪ ಇತ್ತಾ, ಇವನು ಎಲ್ಲಿ ನಿಂತಿದ್ದ, ಪಕ್ಕದಲ್ಲಿ ಯಾರಿದ್ದರು, ಎಷ್ಟು ಹೊತ್ತಿಗೆ ಮನೆಗೆ ಬಂದ, ಯಾರಿಗೆ ಫೋನ್ ಮಾಡಿದ. ಒಂದು ವರ್ಷ ಆಗಿದೆ, ಇನ್ನೂ ತಡ ಮಾಡಿದರೆ ಮರೆತುಹೋಗುತ್ತದೆ. ಆ ನೋಟ್‌ಬುಕ್ಕನ್ನು ಅವನ ವಕೀಲರಿಗೆ ಬಿಟ್ಟು ಬೇರೆ ಯಾರಿಗೂ ತೋರಿಸಬೇಡಿ, ಊರ ಹಿರಿಯರಿಗೂ.